ಒಸಿಡಿ ಇರೋ ಮಗನಿಗೆ ಮಾತ್ರೆ ಜೊತೆ ಸಪ್ಲಿಮೆಂಟ್ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಾವು ಹಾವೇರಿ ಕಡೆಯವ್ರು. ನನ್ನ ಮಗನಿಗೆ 16 ವರ್ಷ, ಫಸ್ಟ್ ಪಿಯುಸಿ ಸೈನ್ಸ್. ಏಳೆಂಟು ತಿಂಗಳಿಂದ ಕೈ ತೊಳೆಯೋದು ವಿಪರೀತ ಆಗಿ ಬೆರಳಿನ ಸಂದಿ ಎಲ್ಲಾ ಬಿರುಕು ಬಿಟ್ಟಿದೆ. ಬರೆದ ನೋಟ್ಸ್ ಹರಿದು ಹಾಕಿ ಮತ್ತೆ ಬರೀತಾನೆ, ಪ್ರತಿ ಸಲ "ಅಮ್ಮಾ, ಸರಿ ಆಯ್ತಾ" ಅಂತ ನನ್ನ ಕೇಳ್ತಾನೆ, ನಾನು "ಆಯ್ತು" ಅನ್ನೋವರೆಗೂ ಬಿಡಲ್ಲ. ಸೈಕಿಯಾಟ್ರಿಸ್ಟ್ ಒಸಿಡಿ (ಗೀಳು ಕಾಯಿಲೆ) ಅಂತ ಹೇಳಿ ಸರ್ಟ್ರಲೀನ್ 50 ಕೊಟ್ಟು ಐದು ವಾರ ಆಯ್ತು, ಅಂಥಾ ಫರಕ್ ಏನೂ ಕಾಣ್ತಿಲ್ಲ. ಅಮೆರಿಕದಲ್ಲಿರೋ ನನ್ನ ತಮ್ಮ ಎನ್‌ಎಸಿ ಅನ್ನೋ ಕ್ಯಾಪ್ಸೂಲ್, ಒಮೆಗಾ-3 ಎರಡೂ ಕಳಿಸಿದ್ದಾನೆ. ಇಲ್ಲಿ ಪರಿಚಯದವರು ಅಶ್ವಗಂಧ, ಬ್ರಾಹ್ಮಿ ಕೊಡಿ ಅಂತಾರೆ. ಒಂದು ವಿಡಿಯೋದಲ್ಲಿ ವಿಟಮಿನ್ ಕಡಿಮೆ ಆದ್ರೇನೇ ಒಸಿಡಿ ಬರೋದು ಅಂದ್ರು. ಮಾತ್ರೆ ಅಭ್ಯಾಸ ಆಗ್ಬಿಡುತ್ತೆ ಅಂತ ನಮ್ಮೆಜಮಾನ್ರಿಗೆ ಭಯ. ಸಪ್ಲಿಮೆಂಟ್ ಶುರು ಮಾಡಿ ನಿಧಾನಕ್ಕೆ ಮಾತ್ರೆ ಕಡಿಮೆ ಮಾಡಬಹುದಾ? ಡಾಕ್ಟ್ರು ಬೈತಾರೇನೋ ಅಂತ ಅವರನ್ನ ಕೇಳಿಲ್ಲ. ಮಾತ್ರೆ ಎಷ್ಟು ದಿನ ತಗೋಬೇಕಾಗುತ್ತೆ?

ಉತ್ತರ: ಅಮ್ಮಾ, ಮೊದಲು ಒಂದು ಮಾತು ಹೇಳ್ಬಿಡ್ತೀನಿ, ಉಳಿದದ್ದನ್ನ ನಿಧಾನಕ್ಕೆ ಓದಿ. ಸಪ್ಲಿಮೆಂಟ್ ನಂಬ್ಕೊಂಡು ಸರ್ಟ್ರಲೀನ್ ನಿಲ್ಲಿಸೋದಾಗ್ಲಿ, ನೀವೇ ಅರ್ಧ ಮಾಡಿ ಕೊಡೋದಾಗ್ಲಿ ದಯವಿಟ್ಟು ಮಾಡ್ಬೇಡಿ. ಐದು ವಾರಕ್ಕೆ ಫರಕ್ ಕಾಣ್ಲಿಲ್ಲ ಅಂದ್ರೆ ಮಾತ್ರೆ ಸೋತಿದೆ ಅಂತಲ್ಲ. ಇದೇ ಮಾತ್ರೆ ಡಿಪ್ರೆಶನ್‌ಗೆ ಕೊಟ್ಟಾಗ ಸಾಮಾನ್ಯವಾಗಿ ಬೇಗ ಫಲ ಕೊಡುತ್ತೆ, ಒಸಿಡಿಗೆ ಹಾಗಲ್ಲ, ಸರಿಯಾದ ಡೋಸ್‌ನಲ್ಲಿ 8ರಿಂದ 12 ವಾರ ಆದ್ಮೇಲೇನೇ ಕೆಲಸ ಮಾಡ್ತಾ ಇಲ್ವಾ ಅಂತ ಹೇಳೋಕಾಗೋದು. ಡೋಸ್ ಕೂಡ ಹೆಚ್ಚೇ ಬೇಕಾಗುತ್ತೆ. 50 ಅನ್ನೋದು ಈ ವಯಸ್ಸಿನ ಮಕ್ಕಳಿಗೆ ಶುರು ಮಾಡೋ ಡೋಸ್, ಮಗು ತಡ್ಕೊಳ್ಳೋದನ್ನ ನೋಡ್ಕೊಂಡು ಹಂತ ಹಂತವಾಗಿ ಏರಿಸ್ತಾರೆ, 200ರವರೆಗೂ ಹೋಗೋಕೆ ಅವಕಾಶ ಇದೆ. ಅಂದ್ರೆ ನಿಮ್ಮ ಮಗನ ಚಿಕಿತ್ಸೆ ಇನ್ನೂ ಬಾಗಿಲಲ್ಲೇ ಇದೆ, ಒಳಗೆ ಬಂದೇ ಇಲ್ಲ. ಈಗಲೇ ಇನ್ನೊಂದು ಬಾಟಲಿ ತೆಗೆದ್ರೆ, ನಾಳೆ ಅವನು ಸುಧಾರಿಸಿದಾಗ ಯಾವುದರಿಂದ ಸುಧಾರಿಸಿದ ಅಂತಾನೇ ಗೊತ್ತಾಗಲ್ಲ, ಹೊಟ್ಟೆ ಕೆಟ್ರೂ ಯಾವುದರಿಂದ ಕೆಡ್ತು ಅಂತ ಗೊತ್ತಾಗಲ್ಲ.

ನಿಮ್ಮ ಕಾಗದ ಓದಿದಾಗ ನನಗೆ ಕಂಡಿದ್ದು ಇಷ್ಟು: ನೀವು ಕೇಳ್ತಿರೋದು ಸಪ್ಲಿಮೆಂಟ್ ಬಗ್ಗೆ, ಒಳಗಿರೋ ಭಯ ಮಾತ್ರೆ ಬಗ್ಗೆ. ಮೆದುಳಿನ ಮಾತ್ರೆ, ಅದೂ ಬೆಳೆಯೋ ಹುಡುಗನಿಗೆ, ಮಂದ ಆಗ್ಬಿಡ್ತಾನೇನೋ, ಜೀವನಪೂರ್ತಿ ಅಂಟ್ಕೊಳ್ಳುತ್ತೇನೋ ಅಂತ. ಒಪಿಡಿಗೆ ಬರೋ ತಂದೆ ತಾಯಂದಿರಲ್ಲಿ ಹೆಚ್ಚಿನವರು ಇದನ್ನೇ ಕೇಳ್ತಾರೆ, ಬಾಯಿಬಿಟ್ಟು ಕೇಳೋದು ಮಾತ್ರ ಮೂರನೇ ನಾಲ್ಕನೇ ಸಲ ಬಂದಾಗ. ಹಾಗಾಗಿ ಎರಡಕ್ಕೂ ಉತ್ತರ ಕೊಡ್ತೀನಿ.

ಒಸಿಡಿ ಯಾಕೆ ಬರುತ್ತೆ ಅನ್ನೋದರಿಂದ ಶುರು ಮಾಡೋಣ, ಯಾಕಂದ್ರೆ ಎನ್‌ಎಸಿ ಕಥೆ ಹುಟ್ಟೋದೇ ಅಲ್ಲಿಂದ. ಮೆದುಳಿನ ಮುಂಭಾಗ, ಒಳಗಿನ ಸ್ಟ್ರಯೇಟಮ್, ಥಲಾಮಸ್ ಇವುಗಳ ಮಧ್ಯೆ ಸುತ್ತಾಡೋ ಒಂದು ಸರ್ಕ್ಯೂಟ್ ಇದೆ. "ಏನೋ ತಪ್ಪಾಗಿದೆ, ನೋಡು" ಅಂತ ಎಚ್ಚರಿಸೋದು, ಕೆಲಸ ಆದ್ಮೇಲೆ "ಸಾಕು, ಮುಂದೆ ಹೋಗು" ಅಂತ ಬಿಡೋದು ಇದರ ಕೆಲಸ. ಒಸಿಡಿಯಲ್ಲಿ ಕಾಲಿಂಗ್ ಬೆಲ್ ಸ್ವಿಚ್ ಒಳಗೇ ಸಿಕ್ಕಾಕ್ಕೊಂಡ ಹಾಗೆ ಆಗುತ್ತೆ, ಬಾಗಿಲಲ್ಲಿ ಯಾರೂ ಇಲ್ಲ, ಬೆಲ್ ಮಾತ್ರ ಹೊಡ್ಕೋತಾನೇ ಇರುತ್ತೆ. ನಿಮ್ಮ ಹುಡುಗನಿಗೆ ಕೈ ಕ್ಲೀನ್ ಆಗಿದೆ ಅಂತ ಕಣ್ಣಿಗೆ ಕಾಣ್ತಿರುತ್ತೆ, ಬುದ್ಧಿಗೆ ಗೊತ್ತಿರುತ್ತೆ, ಆದ್ರೂ "ಸಾಕು" ಅನ್ನೋ ಭಾವನೆ ಮಾತ್ರ ಬರಲ್ಲ. ಇದಕ್ಕೆ ವಂಶವಾಹಿಯ ಪಾಲೂ ಇದೆ, ಚಿಕ್ಕ ವಯಸ್ಸಲ್ಲಿ ಶುರುವಾದ ಒಸಿಡಿಯಲ್ಲಿ ಆ ಪಾಲು ಸ್ವಲ್ಪ ಜಾಸ್ತೀನೇ. ನೀವು ಬೆಳೆಸಿದ್ದು ಸರಿ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ.

ಈ ಸರ್ಕ್ಯೂಟ್‌ನಲ್ಲಿ ಓಡಾಡೋ ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು, ಗ್ಲುಟಮೇಟ್ ಇನ್ನೊಂದು. ಸರ್ಟ್ರಲೀನ್, ಫ್ಲುಆಕ್ಸೆಟೀನ್, ಫ್ಲುವಾಕ್ಸಮೀನ್ ಇವೆಲ್ಲಾ ಸೆರೊಟೋನಿನ್ ಕಡೆಯಿಂದ ಹೋಗ್ತವೆ. ಮಾತ್ರೆಯಿಂದ ಪೂರ್ತಿ ಗುಣ ಕಾಣದವರು ಇರೋದ್ರಿಂದ ಸಂಶೋಧಕರು ಗ್ಲುಟಮೇಟ್ ಕಡೆ ನೋಡೋಕೆ ಶುರು ಮಾಡಿದ್ರು, ಆಗ ಕೈಗೆ ಸಿಕ್ಕಿದ್ದು ಎನ್‌ಎಸಿ, ಅಂದ್ರೆ ಎನ್-ಅಸಿಟೈಲ್ ಸಿಸ್ಟೀನ್. ಇದು ಹೊಸ ವಸ್ತು ಅಲ್ಲ. ಪ್ಯಾರಾಸಿಟಮಾಲ್ ಜಾಸ್ತಿ ನುಂಗಿ ಲಿವರ್‌ಗೆ ಅಪಾಯ ಆದವರಿಗೆ ಆಸ್ಪತ್ರೆಯಲ್ಲಿ ಕೊಡೋ ಪ್ರತಿವಿಷ ಇದೇ, ಕಫ ಕರಗಿಸೋಕೆ ನೀರಲ್ಲಿ ಹಾಕಿದ್ರೆ ಬುರುಬುರು ಅನ್ನೋ 600 ಎಂಜಿ ಮಾತ್ರೆ ನಮ್ಮ ಮೆಡಿಕಲ್ ಶಾಪಲ್ಲೂ ಸಿಗುತ್ತೆ. ಅದು ಮೆದುಳಲ್ಲಿ ಗ್ಲುಟಮೇಟ್ ಹರಿವನ್ನ ಹದಕ್ಕೆ ತರಬಹುದು ಅನ್ನೋ ವಿಚಾರ ಕಾಗದದ ಮೇಲೆ ಚೆನ್ನಾಗೇ ಇದೆ.

ಆದ್ರೆ ರೋಗಿಗಳಿಗೆ ಕೊಟ್ಟು ನೋಡಿದಾಗ? ಇಲ್ಲಿ ಸ್ವಲ್ಪ ತಾಳ್ಮೆ ಇಟ್ಕೊಂಡು ಓದಿ, ನಿಮ್ಮ ತಮ್ಮನಿಗೂ ತೋರಿಸಿ. 2012ರಲ್ಲಿ ಇರಾನ್‌ನಲ್ಲಿ ದೊಡ್ಡವರಿಗೆ, ಮಾತ್ರೆ ಸಾಲದೇ ಇದ್ದವರಿಗೆ, ಅದರ ಜೊತೆ ಎನ್‌ಎಸಿ ಕೊಟ್ರು, ಔಷಧಿ ಇಲ್ಲದ ಡಮ್ಮಿ ಮಾತ್ರೆಗಿಂತ ಒಳ್ಳೇ ಫಲ ಬಂತು, ಎಲ್ಲರಿಗೂ ಉತ್ಸಾಹ. ಆಮೇಲೆ ಬ್ರೆಜಿಲ್‌ನಲ್ಲಿ ಅದೇ ಥರ ಮಾಡಿದ್ರು, ಡಮ್ಮಿಗೂ ಎನ್‌ಎಸಿಗೂ ವ್ಯತ್ಯಾಸ ಬರ್ಲಿಲ್ಲ. ಆಸ್ಟ್ರೇಲಿಯಾದಲ್ಲಿ 20 ವಾರ ಕೊಟ್ಟು ನೋಡಿ 2022ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲೂ ಒಸಿಡಿ ಲಕ್ಷಣಗಳಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇರ್ಲಿಲ್ಲ. ಮಕ್ಕಳ ಮೇಲೆ ಆಗಿರೋದು ಇನ್ನೂ ಕಡಿಮೆ: ಇರಾನ್‌ನಲ್ಲಿ ಸಿಟಲೋಪ್ರಾಮ್ (ಸರ್ಟ್ರಲೀನ್ ಗುಂಪಿನದೇ ಮಾತ್ರೆ) ಜೊತೆ ಹತ್ತು ವಾರ ಕೊಟ್ಟಾಗ ಒಂದಷ್ಟು ಲಾಭ ಕಂಡಿದೆ, ಅಮೆರಿಕದಲ್ಲಿ 8ರಿಂದ 17 ವರ್ಷದ ಬರೀ 11 ಮಕ್ಕಳ ಮೇಲೆ ಮಾಡಿದ ಪುಟ್ಟ ಟ್ರಯಲ್‌ನಲ್ಲಿ ಸ್ವಲ್ಪ ಭರವಸೆ ಕಂಡಿದೆ, ಅಷ್ಟೆ. ಹನ್ನೊಂದು ಮಕ್ಕಳ ಲೆಕ್ಕದ ಮೇಲೆ ನಾನು ನಿಮಗೆ ಹೌದು ಅನ್ನೋಕೂ ಆಗಲ್ಲ, ಇಲ್ಲವೇ ಇಲ್ಲ ಅನ್ನೋಕೂ ಆಗಲ್ಲ.

ಇನ್ನೊಂದು ಉದಾಹರಣೆ ಇದೆ, ಒಸಿಡಿಗೆ ಸಂಬಂಧ ಇರೋದೇ. ಕೂದಲು ಕಿತ್ಕೊಳ್ಳೋ ತೊಂದರೆ ಇರುತ್ತಲ್ಲ, ಅದಕ್ಕೆ ದೊಡ್ಡವರಲ್ಲಿ ಎನ್‌ಎಸಿ ಚೆನ್ನಾಗಿ ಕೆಲಸ ಮಾಡ್ತು ಅಂತ 2009ರಲ್ಲಿ ಬಂತು. ಅದೇ ತೊಂದರೆಗೆ ಮಕ್ಕಳಲ್ಲಿ ಕೊಟ್ಟು ನೋಡಿ 2013ರಲ್ಲಿ ಬಂದ ಫಲಿತಾಂಶದಲ್ಲಿ ಡಮ್ಮಿ ಮಾತ್ರೆಗಿಂತ ಏನೂ ಹೆಚ್ಚಿಲ್ಲ. ದೊಡ್ಡವರಿಗೆ ಆಗಿದ್ದು ಮಕ್ಕಳಿಗೂ ಆಗುತ್ತೆ ಅಂತ ಹೇಳೋಕಾಗಲ್ಲ, ಬಾಟಲಿ ಮೇಲೆ ಮಾತ್ರ ಈ ಭೇದ ಎಲ್ಲೂ ಬರೆದಿರಲ್ಲ.

ಹಾಗಾದ್ರೆ ಎನ್‌ಎಸಿ ಅಪಾಯನಾ? ತುಂಬಾ ಅಪಾಯದ್ದಲ್ಲ, ಅದನ್ನೂ ಹೇಳ್ಬೇಕು. ಹೊಟ್ಟೆ ತೊಳೆಸೋದು, ಗ್ಯಾಸ್, ಭೇದಿ, ಕೆಲವರಿಗೆ ಮೈಮೇಲೆ ದದ್ದು, ಕೊಳೆತ ಮೊಟ್ಟೆ ವಾಸನೆ ಬರೋದ್ರಿಂದ ಮಕ್ಕಳು ಮುಖ ಸಿಂಡರಿಸ್ತಾರೆ. ಆಸ್ತಮಾ ಇರೋ ಮಕ್ಕಳಲ್ಲಿ ಹುಷಾರಾಗಿರ್ಬೇಕು, ನಿಮ್ಮ ಹುಡುಗನಿಗೆ ಚಿಕ್ಕಂದಿನಲ್ಲಿ ಉಸಿರಾಡುವಾಗ ಸುಂಯ್ ಅನ್ನೋ ವೀಜಿಂಗ್ ಇತ್ತು ಅಂದ್ರೆ ಅದನ್ನ ಡಾಕ್ಟ್ರಿಗೆ ಮೊದಲು ಹೇಳಿ. ಸರ್ಟ್ರಲೀನ್ ಜೊತೆ ಇದಕ್ಕೆ ದೊಡ್ಡ ಜಗಳ ಇಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಈಗ ಬೇಡ. ಮಾತ್ರೆ ಪೂರ್ತಿ ಡೋಸ್‌ಗೆ ಬಂದು, ಹನ್ನೆರಡು ವಾರ ಆಗಿ, ಥೆರಪಿನೂ ನಡೆದು, ಆದ್ರೂ ಸಾಲದು ಅನ್ನಿಸಿದಾಗ ಡಾಕ್ಟ್ರ ಜೊತೆ ಕೂತು ಮಾತಾಡಬಹುದಾದ ಆಯ್ಕೆಗಳಲ್ಲಿ ಇದೂ ಒಂದು. ಅಷ್ಟು ಜಾಗ ಕೊಡೋಣ, ಅದಕ್ಕಿಂತ ಜಾಸ್ತಿ ಬೇಡ.

ಒಮೆಗಾ-3 ಬಗ್ಗೆ ಉದ್ದಕ್ಕೆ ಹೇಳೋದೇನಿಲ್ಲ. ಒಸಿಡಿಗೆ ಮಾತ್ರೆ ಜೊತೆ ಕೊಟ್ಟು ನೋಡಿದ ಸಣ್ಣ ಅಧ್ಯಯನದಲ್ಲಿ ಉಪಯೋಗ ಕಾಣ್ಲಿಲ್ಲ. ಸಾಧಾರಣ ಪ್ರಮಾಣದಲ್ಲಿ ಹಾನಿ ಇಲ್ಲ, ಜಾಸ್ತಿ ಡೋಸ್‌ನಲ್ಲಿ ರಕ್ತಸ್ರಾವದ ಕಡೆ ಸ್ವಲ್ಪ ಗಮನ ಬೇಕು, ಸರ್ಟ್ರಲೀನ್‌ಗೂ ಆ ಗುಣ ಸ್ವಲ್ಪ ಇರೋದ್ರಿಂದ. ನಿಮ್ಮ ಮನೆ ಸಸ್ಯಾಹಾರಿ ಆಗಿದ್ರೆ ಇನ್ನೊಂದು: ಇದು ಸಾಮಾನ್ಯವಾಗಿ ಮೀನಿನ ಎಣ್ಣೆ, ಹೊರಗಿನ ಕವಚ ಬಹಳಷ್ಟು ಸಲ ಪ್ರಾಣಿ ಮೂಲದ ಜೆಲಟಿನ್. ಮೈಲಿಗೆಯ ಭಯ ಇರೋ ಹುಡುಗನಿಗೆ ಇದನ್ನ ಮುಚ್ಚಿಟ್ಟು ಕೊಟ್ಟು, ನಾಳೆ ಅವನೇ ಲೇಬಲ್ ಓದಿ ಕಂಡುಹಿಡಿದ್ರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತೆ, ಹೊಸದೊಂದು ತೊಳೆಯೋ ಕಾರಣನೂ ಹುಟ್ಕೊಳ್ಳುತ್ತೆ.

ಇನಾಸಿಟಾಲ್ ಅಂತ ಇನ್ನೊಂದು ಪುಡಿ ಇದೆ, ನೀವು ಕೇಳಿಲ್ಲ, ಆದ್ರೆ ಹುಡುಕ್ತಾ ಹೋದ್ರೆ ಖಂಡಿತ ಕಣ್ಣಿಗೆ ಬೀಳುತ್ತೆ. 1996ರಲ್ಲಿ ಇಸ್ರೇಲ್‌ನಲ್ಲಿ 13 ಜನರಿಗೆ ದಿನಕ್ಕೆ 18 ಗ್ರಾಂ ಕೊಟ್ಟು ಲಾಭ ಕಂಡ್ರು. 18 ಗ್ರಾಂ ಅಂದ್ರೆ 500 ಎಂಜಿ ಕ್ಯಾಪ್ಸೂಲ್ ಲೆಕ್ಕದಲ್ಲಿ ದಿನಕ್ಕೆ 36. ಅದೇ ತಂಡ ಆಮೇಲೆ ಎಸ್‌ಎಸ್‌ಆರ್‌ಐ, ಅಂದ್ರೆ ಸರ್ಟ್ರಲೀನ್ ಗುಂಪಿನ ಮಾತ್ರೆ ತಗೊಳ್ತಿದ್ದವರಿಗೆ ಜೊತೆಗೆ ಕೊಟ್ಟು ನೋಡಿದಾಗ ಹೆಚ್ಚಿನ ಲಾಭ ಸಿಗ್ಲಿಲ್ಲ. ನಿಮ್ಮ ಮಗನದು ಈ ಎರಡನೇ ಪರಿಸ್ಥಿತಿ. ಬಿಟ್ಬಿಡಿ.

ಈಗ ವಿಟಮಿನ್ ವಿಷಯ. ವಿಟಮಿನ್ ಕಡಿಮೆ ಆಗಿ ಒಸಿಡಿ ಬರುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಒಸಿಡಿ ಇರೋ ಕೆಲವರಲ್ಲಿ ಬಿ12, ಡಿ ಕಡಿಮೆ ಇರೋದು ಕಂಡಿದೆ, ಅದು ನಿಜ, ಆದ್ರೆ ನಮ್ಮಲ್ಲಿ ಒಸಿಡಿ ಇಲ್ಲದ ಮಕ್ಕಳಲ್ಲೂ ಕಡಿಮೆ ಇರುತ್ತೆ, ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ತುಂಬಾ ಸಾಮಾನ್ಯ. ಒಸಿಡಿ ಮಗು ಕೆಲವು ಪದಾರ್ಥ ಮುಟ್ಟಲ್ಲ, ಹೊರಗೆ ಬಿಸಿಲಿಗೆ ಹೋಗಲ್ಲ, ಬಾತ್‌ರೂಮಲ್ಲೇ ಗಂಟೆಗಟ್ಲೆ ಕಳೆಯುತ್ತೆ, ಅದರಿಂದಲೂ ಕೊರತೆ ಆಗಬಹುದಲ್ವಾ? ಯಾವುದು ಮೊದಲು ಅಂತ ಆ ಲೆಕ್ಕದಿಂದ ಹೇಳೋಕಾಗಲ್ಲ. ನಾನು ಹೇಳೋದು, ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ, ಬಿ12, ವಿಟಮಿನ್ ಡಿ, ಹಿಮೋಗ್ಲೋಬಿನ್, ಥೈರಾಯ್ಡ್. ಕಡಿಮೆ ಇದ್ರೆ ಸರಿ ಮಾಡೋಣ, ಸುಸ್ತು ಹೋಗುತ್ತೆ, ಓದೋಕೆ ಶಕ್ತಿ ಬರುತ್ತೆ, ಅದು ಆರೋಗ್ಯಕ್ಕೆ ಬೇಕಾದ್ದೇ. ಅದರಿಂದ ಕೈ ತೊಳೆಯೋದು ನಿಲ್ಲುತ್ತೆ ಅಂತ ಕಾಯ್ಬೇಡಿ.

ಪರೀಕ್ಷೆ ಇಲ್ಲದೆ ಮಾತ್ರ ವಿಟಮಿನ್ ಡಿ ಕೊಡ್ಬೇಡಿ. ನಮ್ಮಲ್ಲಿ ಸಿಗೋ 60,000 ಯೂನಿಟ್‌ನ ಸ್ಯಾಶೆ ಇದೆಯಲ್ಲ, ಹಾಲಿಗೆ ಹಾಕ್ಕೊಂಡು ಕುಡಿಯೋದು, ಅದು ವಾರಕ್ಕೊಂದು, ಅದೂ ಕೆಲವು ವಾರ ಮಾತ್ರ. ಅದನ್ನ ದಿನಾ ಕೊಟ್ಟು, ತಿಂಗಳುಗಟ್ಲೆ ಕೊಟ್ಟು, ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ ಅಂತ ಆಸ್ಪತ್ರೆಗೆ ಬರೋ ಮಕ್ಕಳಿರ್ತಾರೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿರುತ್ತೆ, ಕಿಡ್ನಿಗೆ ಪೆಟ್ಟು. ವಿಟಮಿನ್ ತಾನೇ ಅಂದ್ಕೊಂಡಿರ್ತಾರೆ.

ಅಶ್ವಗಂಧದ ಬಗ್ಗೆ ನಿಮ್ಮ ಪರಿಚಯದವರು ಕೆಟ್ಟದ್ದು ಬಯಸಿ ಹೇಳಿಲ್ಲ, ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದ ನಂಬಿಕೆ ಅದು. ಒಸಿಡಿಗೆ ಮಾತ್ರೆ ಜೊತೆ ಕೊಟ್ಟು ನೋಡಿದ ಒಂದು ಅಧ್ಯಯನ ಇದೆ, 30 ಜನ, ಆರು ವಾರ, ಎಲ್ಲರೂ ದೊಡ್ಡವರು, ಸ್ವಲ್ಪ ಲಾಭ. ಹದಿನಾರರ ಹುಡುಗನಿಗೆ ಅದನ್ನ ಹಿಡ್ಕೊಂಡು ಹೋಗೋಕಾಗಲ್ಲ. ಈಚೆಗೆ ಬೇರೆ ಬೇರೆ ದೇಶಗಳಿಂದ ಅಶ್ವಗಂಧ ಸಪ್ಲಿಮೆಂಟ್ ತಗೊಂಡವರಲ್ಲಿ ಲಿವರ್‌ಗೆ ಪೆಟ್ಟಾದ ವರದಿಗಳು ಬಂದಿವೆ, ಥೈರಾಯ್ಡ್ ಏರಿದ್ದೂ ಇದೆ, ಡೆನ್ಮಾರ್ಕ್ 2023ರಲ್ಲಿ ಅದನ್ನ ನಿಷೇಧನೇ ಮಾಡ್ತು. ನಮ್ಮ ದೇಶದಲ್ಲಿ ಅದು ಮಾನ್ಯತೆ ಇರೋ ಔಷಧಿ, ಆದ್ರೆ ಔಷಧಿ ಅಂದ್ಮೇಲೆ ಔಷಧಿ ಥರಾನೇ ನೋಡ್ಬೇಕು, ಪಕ್ಕದ ಮನೆಯವರು ಹೇಳಿದ ಡೋಸ್‌ನಲ್ಲಿ ಅಲ್ಲ. ಆಯುರ್ವೇದ ಬೇಕೇ ಬೇಕು ಅಂದ್ರೆ ಓದಿರೋ ವೈದ್ಯರ ಹತ್ರ ಹೋಗಿ, ಸರ್ಟ್ರಲೀನ್ ಚೀಟಿ ತೋರಿಸಿ, ಅವರು ಕೊಟ್ಟ ಚೀಟಿಯನ್ನ ಸೈಕಿಯಾಟ್ರಿಸ್ಟ್‌ಗೂ ತೋರಿಸಿ. ಬ್ರಾಹ್ಮಿ ವಿಷಯಕ್ಕೆ ಬಂದ್ರೆ, ಒಂದೆಲಗದ ತಂಬುಳಿ, ಚಟ್ನಿ ಊಟದಲ್ಲಿ ಹಾಕ್ತೀರಾ, ಧಾರಾಳವಾಗಿ ಹಾಕಿ, ಅದು ಊಟ. ಬ್ರಾಹ್ಮಿ ಕ್ಯಾಪ್ಸೂಲ್ ಅಂತ ಮಾರೋದು ಸಾರ ತೆಗೆದು ಗಟ್ಟಿ ಮಾಡಿದ್ದು, ಒಸಿಡಿಗೆ ಅದರಿಂದ ಗುಣ ಆಗುತ್ತೆ ಅನ್ನೋಕೆ ಒಳ್ಳೇ ಆಧಾರ ಇಲ್ಲ.

ಇನ್ನು ಖಂಡಿತ ಕೊಡಬಾರದ್ದು. ಇದನ್ನ ಬರೆದಿಟ್ಕೊಳ್ಳಿ, ನಿಮ್ಮ ತಮ್ಮ ಮುಂದಿನ ಸಲ ಪಾರ್ಸಲ್ ಕಳಿಸೋ ಮೊದಲು ಅವನಿಗೂ ಹೇಳಿ: ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡಮೂಲಿಕೆ, 5-ಎಚ್‌ಟಿಪಿ, ಟ್ರಿಪ್ಟೋಫ್ಯಾನ್, ಎಸ್‌ಎಎಂ-ಇ. ಇವೆಲ್ಲಾ "ಮೂಡ್ ಸಪೋರ್ಟ್", "ನ್ಯಾಚುರಲ್" ಅಂತ ಹೊರದೇಶದಲ್ಲಿ ಅಂಗಡಿಯಲ್ಲೇ ಸಿಗ್ತವೆ. ಸರ್ಟ್ರಲೀನ್ ಜೊತೆ ಸೇರಿದ್ರೆ ಸೆರೊಟೋನಿನ್ ಮಿತಿಮೀರಿ ಹೋಗಬಹುದು, ಮೈ ನಡುಕ, ಬೆವರು, ಭೇದಿ, ಕಾಲಿನ ಸ್ನಾಯು ಎಳೆದಂಗೆ ಜರ್ಕ್ ಹೊಡೆಯೋದು, ಜ್ವರ, ಗೊಂದಲ, ಹೀಗೆ ಶುರುವಾಗಿ ಎಮರ್ಜೆನ್ಸಿವರೆಗೂ ಹೋಗುತ್ತೆ. ನೈಸರ್ಗಿಕ ಅನ್ನೋ ಮಾತಿಗೂ ಸುರಕ್ಷಿತ ಅನ್ನೋದಕ್ಕೂ ಸಂಬಂಧ ಇಲ್ಲ. ಹಾಗೇನೇ ಕೆಮ್ಮಿನ ಸಿರಪ್ ಮೆಡಿಕಲ್ ಶಾಪಲ್ಲಿ ಕೇಳಿ ತರುವಾಗ ಡೆಕ್ಸ್‌ಟ್ರೊಮೆಥಾರ್ಫಾನ್ ಇದೆಯಾ ಅಂತ ಕೇಳಿ, ಇದ್ರೆ ಬೇರೆ ಕೊಡಿ ಅನ್ನಿ, ಅದೂ ಇದೇ ಗುಂಪಿಗೆ ಸೇರುತ್ತೆ.

ಮುಂದೆ ಯಾವತ್ತಾದ್ರೂ ಡಾಕ್ಟ್ರು ಸರ್ಟ್ರಲೀನ್ ಬದಲು ಫ್ಲುವಾಕ್ಸಮೀನ್ ಕೊಟ್ರೆ ಒಂದು ನೆನಪಿರ್ಲಿ, ಆ ಮಾತ್ರೆ ದೇಹದಲ್ಲಿ ಕೆಫೀನ್ ಕರಗೋದನ್ನ ತುಂಬಾ ನಿಧಾನ ಮಾಡುತ್ತೆ. ಪರೀಕ್ಷೆ ಅಂತ ರಾತ್ರಿ ಎರಡು ಲೋಟ ಸ್ಟ್ರಾಂಗ್ ಕಾಫಿ ಕುಡಿದ ಹುಡುಗ ಬೆಳಗಿನವರೆಗೂ ಎದೆ ಡವಡವ, ಕೈನಡುಕ, ನಿದ್ದೆ ಇಲ್ಲ ಅಂತ ಒದ್ದಾಡ್ತಾನೆ, ಮನೆಯವರು ಒಸಿಡಿ ಜಾಸ್ತಿ ಆಯ್ತು ಅಂದ್ಕೋತಾರೆ. ನಿದ್ದೆಗೆ ಅಂತ ಮಾರೋ ಮೆಲಟೋನಿನ್ ಗಮ್ಮಿಗೂ ಇದೇ ಕಥೆ.

ನಿಮ್ಮಲ್ಲಿ ಇಲ್ಲಿಯ ಕಂಪನಿಯ ಸಪ್ಲಿಮೆಂಟ್ ಬಾಟಲಿ ಯಾವುದಾದ್ರೂ ಇದ್ರೆ ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ ನೋಡಿ. ಔಷಧಿಯಾಗಿ ಬಳಸೋಕಲ್ಲ ಅಂತ ಇಂಗ್ಲಿಷ್‌ನಲ್ಲಿ ದಪ್ಪಗೆ ಬರೆದಿರುತ್ತೆ, ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಬರೀಲೇಬೇಕು. ಅಂದ್ರೆ ಇವು ಆಹಾರದ ಕಾನೂನಿಗೆ ಬರೋ ಪದಾರ್ಥ, ಔಷಧಿಗೆ ಇರೋ ಥರ ಕಾಯಿಲೆ ಗುಣ ಮಾಡುತ್ತೆ ಅಂತ ಪರೀಕ್ಷೆಯಲ್ಲಿ ತೋರಿಸಿ ಮಾರುಕಟ್ಟೆಗೆ ಬಂದದ್ದಲ್ಲ. ಅಮೆರಿಕದಲ್ಲೂ ಸಪ್ಲಿಮೆಂಟ್ ಮಾರೋಕೆ ಮೊದಲೇ ಸರ್ಕಾರದ ಒಪ್ಪಿಗೆ ಬೇಕಿಲ್ಲ. ಹೊರದೇಶದ ಬಾಟಲಿ ಅಂದಮಾತ್ರಕ್ಕೆ ಹೆಚ್ಚು ನಂಬಿಕಸ್ತ ಅಂತ ತಿಳ್ಕೋಬೇಡಿ.

ಇಷ್ಟೆಲ್ಲಾ ಕ್ಯಾಪ್ಸೂಲ್ ಮಾತಾಡಿದ್ವಿ, ಆದ್ರೆ ನಿಮ್ಮ ಕಾಗದದಲ್ಲಿ ಥೆರಪಿ ಅನ್ನೋ ಪದಾನೇ ಇಲ್ಲ. ನನಗೆ ನಿಜವಾಗಿ ಚಿಂತೆ ಆಗಿದ್ದು ಅದು. ಒಸಿಡಿಗೆ ಮಾತ್ರೆಯಷ್ಟೇ, ಮಕ್ಕಳಲ್ಲಿ ಮಾತ್ರೆಗಿಂತ ಸ್ವಲ್ಪ ಹೆಚ್ಚೇ ಕೆಲಸ ಮಾಡೋದು ಇಆರ್‌ಪಿ ಅನ್ನೋ ಥೆರಪಿ, ಅಂದ್ರೆ ಭಯ ಆಗೋದನ್ನ ಬೇಕಂತಲೇ ಎದುರಿಸೋದು, ಆದ್ರೆ ತೊಳೆಯೋದು, ಕೇಳೋದು, ಮತ್ತೆ ಬರೆಯೋದು ಮಾಡದೇ ಇರೋದು. 2004ರಲ್ಲಿ ಅಮೆರಿಕದಲ್ಲಿ 7ರಿಂದ 17 ವರ್ಷದ 112 ಮಕ್ಕಳ ಮೇಲೆ 12 ವಾರದ ಅಧ್ಯಯನ ಆಯ್ತು, ಅಲ್ಲಿ ಕೊಟ್ಟಿದ್ದೂ ಇದೇ ಸರ್ಟ್ರಲೀನ್. ಡಮ್ಮಿ ಮಾತ್ರೆಯಲ್ಲಿ ಹೆಚ್ಚುಕಮ್ಮಿ ಪೂರ್ತಿ ಗುಣ ಕಂಡವರು ನೂರಕ್ಕೆ 4ರಷ್ಟು, ಬರೀ ಸರ್ಟ್ರಲೀನ್‌ನಲ್ಲಿ ನೂರಕ್ಕೆ 21, ಬರೀ ಥೆರಪಿಯಲ್ಲಿ 39, ಎರಡೂ ಸೇರಿದಾಗ 54. ನೀವು ಮಾತ್ರೆಗೆ ಜೊತೆ ಏನು ಕೊಡಬಹುದು ಅಂತ ಕೇಳಿದ್ರಲ್ಲ, ನನ್ನ ಉತ್ತರ ಇದು. ಯಾವ ಕ್ಯಾಪ್ಸೂಲೂ ಇದರ ಹತ್ತಿರಕ್ಕೂ ಬಂದಿಲ್ಲ.

ಅದು ಹೇಗಿರುತ್ತೆ ಅಂತ ಹೇಳ್ತೀನಿ. ಮೊದಲು ಹುಡುಗನ ಜೊತೆ ಕೂತು ಭಯಗಳ ಪಟ್ಟಿ ಮಾಡ್ತೀವಿ, ಸೊನ್ನೆಯಿಂದ ಹತ್ತರವರೆಗೆ ಅಂಕ ಅವನೇ ಕೊಡ್ತಾನೆ. ಬಾಗಿಲ ಚಿಲಕ ಮುಟ್ಟೋದು 4, ಚಪ್ಪಲಿ ಸ್ಟ್ಯಾಂಡ್ ಮುಟ್ಟೋದು 6, ಚಪ್ಪಲಿ ಮುಟ್ಟಿದ ಕೈಯಲ್ಲಿ ತನ್ನ ಹಾಸಿಗೆ ಮುಟ್ಟೋದು 9. ಚಿಲಕದಿಂದ ಶುರು. ಮುಟ್ಟಿ, ತೊಳೀದೆ, ಕೈಯನ್ನ ತೊಡೆ ಮೇಲಿಟ್ಕೊಂಡು ಕೂರ್ಬೇಕು. ಮೊದಲ ಐದು ನಿಮಿಷ ಮುಖ ಬೆವರುತ್ತೆ, 4 ಅಂದಿದ್ದು 7 ಆಗುತ್ತೆ. ನಾವು ಏನೂ ಸಮಾಧಾನ ಹೇಳಲ್ಲ, "ಈಗೆಷ್ಟು" ಅಂತ ಮಾತ್ರ ಕೇಳ್ತೀವಿ. ಇಪ್ಪತ್ತು ನಿಮಿಷ, ಕೆಲವೊಮ್ಮೆ ಮುಕ್ಕಾಲು ಗಂಟೆ, ತಾನಾಗಿ ಇಳಿಯುತ್ತೆ, ಇಳೀದೇ ಇದ್ರೂ ತಡ್ಕೊಳ್ಳೋಕಾಗುತ್ತೆ ಅನ್ನೋದು ಅವನಿಗೆ ಗೊತ್ತಾಗುತ್ತೆ. ನೋಟ್ಸ್ ವಿಷಯಕ್ಕೆ, ಬೇಕಂತಲೇ ಒಂದು ಅಕ್ಷರ ವಕ್ರ ಬರೆದು, ಹರೀದೆ, ಆ ಪುಟ ಹಾಗೇ ಬಿಟ್ಟು ಮುಂದಿನ ಪುಟಕ್ಕೆ ಹೋಗೋದು. ಕೇಳೋಕೆ ಸಣ್ಣದು, ಆ ಹುಡುಗನಿಗೆ ಅದು ದೊಡ್ಡ ಧೈರ್ಯ, ನೀವು ಮೆಚ್ಚಿಕೊಂಡು ಎರಡು ಮಾತು ಹೇಳಬೇಕಾದ ಜಾಗ ಅದು.

ನಿಮ್ಮ ಪಾತ್ರನೂ ಇಲ್ಲಿದೆ. "ಅಮ್ಮಾ, ಸರಿ ಆಯ್ತಾ" ಅಂದಾಗ "ಆಯ್ತು" ಅಂತೀರಲ್ಲ, ಆ ಕ್ಷಣಕ್ಕೆ ಅವನಿಗೆ ಸಮಾಧಾನ, ಅರ್ಧ ಗಂಟೆ ಬಿಟ್ಟು ಮತ್ತೆ ಕೇಳ್ಲೇಬೇಕು ಅನ್ನೋದನ್ನೂ ಮೆದುಳು ಅದರ ಜೊತೆಗೇ ಕಲಿಯುತ್ತೆ. ಇದು ನಿಮ್ಮ ತಪ್ಪಲ್ಲ, ಯಾವ ತಾಯಿಯಾದ್ರೂ ಹಾಗೇ ಮಾಡ್ತಾಳೆ. ಒಮ್ಮೆಲೇ ನಿಲ್ಲಿಸ್ಬೇಡಿ, ಅವನಿಗೆ ಮೊದಲೇ ಹೇಳಿ, "ಇವತ್ತಿಂದ ಒಂದು ಸಲ ಉತ್ತರ ಕೊಡ್ತೀನಿ, ಎರಡನೇ ಸಲ ಕೇಳಿದ್ರೆ ಇದು ಒಸಿಡಿ ಕೇಳ್ತಿರೋದು, ನೀನಲ್ಲ ಅಂತೀನಿ" ಅಂತ. ಥೆರಪಿಸ್ಟ್ ಜೊತೆ ಮಾತಾಡಿ ಮಾಡಿದ್ರೆ ಇನ್ನೂ ಒಳ್ಳೇದು. ಮನೆಯಲ್ಲಿ ಅಜ್ಜಿ ಇದ್ದು, ಮಡಿ ಮೈಲಿಗೆ ರೂಢಿ ಇದ್ರೆ, ಹುಡುಗ ಶುದ್ಧವಾಗಿದ್ದಾನೆ ಬಿಡಿ ಅಂತ ಹೊಗಳೋದೂ ಇರುತ್ತೆ. ಅಜ್ಜಿಯ ಮಡಿಗೆ ಒಂದು ಹೊತ್ತು ಇದೆ, ಮುಗಿಯೋದಿದೆ, ಅದರಿಂದ ಅವರಿಗೆ ನೆಮ್ಮದಿ ಇದೆ. ಹುಡುಗನದು ಮುಗಿಯೋದೇ ಇಲ್ಲ, ಚರ್ಮ ಒಡೆದು ರಕ್ತ ಬಂದ್ರೂ ನೆಮ್ಮದಿ ಇಲ್ಲ. ಅಜ್ಜಿಗೆ ಈ ವ್ಯತ್ಯಾಸ ಪ್ರೀತಿಯಿಂದ ಹೇಳಿ, ಅರ್ಥ ಮಾಡ್ಕೋತಾರೆ.

ನಿಮ್ಮ ಕಡೆಯವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆ ಅಂತಾನೇ ಪ್ರತ್ಯೇಕ ಕ್ಲಿನಿಕ್ ಇದೆ. ಇಆರ್‌ಪಿ ಗೊತ್ತಿರೋ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು ಅಂತ ಸ್ಪಷ್ಟವಾಗಿ ಕೇಳಿ, ಬರೀ ಕೌನ್ಸೆಲಿಂಗ್, ಧೈರ್ಯ ಹೇಳೋದು ಒಸಿಡಿಗೆ ಸಾಲಲ್ಲ. ಎಲ್ಲಿ ಹೋಗ್ಬೇಕು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಸಪ್ಲಿಮೆಂಟ್‌ನಲ್ಲಿ ನಾನು ನೋಡಿರೋ ಇನ್ನೊಂದು ತೊಂದರೆ ಯಾವ ಲೇಬಲ್ ಮೇಲೂ ಇರಲ್ಲ. ಒಸಿಡಿ ಇರೋ ಮಗುವಿನ ಕೈಗೆ ನಾಲ್ಕು ಬಾಟಲಿ ಕೊಟ್ರೆ ಅದೇ ಒಂದು ಆಚರಣೆ ಆಗ್ಬಿಡುತ್ತೆ, ಸರಿಯಾಗಿ ಎಂಟು ಗಂಟೆಗೇ ತಗೊಂಡ್ನಾ, ಕ್ಯಾಪ್ಸೂಲ್ ನೆಲ ಮುಟ್ಟಿತಾ, ಎರಡು ಒಟ್ಟಿಗೆ ತಗೊಂಡು ವಿಷ ಆಯ್ತಾ, ಇದು ಬಿಟ್ಟರೆ ಕೆಟ್ಟದ್ದಾಗುತ್ತಾ. ಗೂಗಲ್‌ನಲ್ಲಿ ಪದಾರ್ಥ ಒಂದೊಂದೇ ಹುಡುಕ್ತಾ ರಾತ್ರಿ ಎರಡು ಗಂಟೆ ಮಾಡೋ ಹುಡುಗರಿದ್ದಾರೆ. ಹಾಗಾಗಿ ಎನ್‌ಎಸಿಯನ್ನ ಮುಂದೆ ಯಾವತ್ತಾದ್ರೂ ಡಾಕ್ಟ್ರು ಒಪ್ಪಿ ಶುರು ಮಾಡಿದ್ರೂ ಅದೊಂದೇ ಶುರು ಮಾಡಿ, ಬೇರೆ ಏನನ್ನೂ ಆಗ ಬದಲಾಯಿಸ್ಬೇಡಿ, ಶುರು ಮಾಡೋ ಮೊದಲು ಒಂದು ವಾರ ಕೈ ತೊಳೆಯೋಕೆ ದಿನಕ್ಕೆ ಎಷ್ಟು ಹೊತ್ತು ಹೋಗುತ್ತೆ, ಎಷ್ಟು ಸಲ ಕೇಳ್ತಾನೆ ಅಂತ ನೀವು ಬರೆದಿಡಿ, ಅವನ ಕೈಲಿ ಬರೆಸ್ಬೇಡಿ, ಹನ್ನೆರಡು ವಾರ ಆದ್ಮೇಲೆ ಮತ್ತೆ ಒಂದು ವಾರ ಬರೆದು ಹೋಲಿಸಿ. ಫರಕ್ ಇಲ್ವಾ, ನಿಲ್ಲಿಸಿ. ಇರಲಿ ಬಿಡಿ ಅಂತ ವರ್ಷಗಟ್ಲೆ ಎಳೀಬೇಡಿ, ಹೊರಗಿನಿಂದ ತರಿಸೋ ಆ ದುಡ್ಡಲ್ಲಿ ಒಂದಷ್ಟು ಥೆರಪಿ ಸೆಷನ್ ಆಗುತ್ತೆ.

ಡಾಕ್ಟ್ರು ಬೈತಾರೆ ಅಂತ ಹೇಳದೇ ಇರ್ಬೇಡಿ. ಬೈದ್ರೂ ಪರವಾಗಿಲ್ಲ, ಹೇಳಿ. ಮುಂದಿನ ಸಲ ಹೋಗುವಾಗ ಎರಡೂ ಬಾಟಲಿ ಚೀಲಕ್ಕೆ ಹಾಕ್ಕೊಂಡು ಹೋಗಿ ಟೇಬಲ್ ಮೇಲಿಟ್ಟು, "ಇದು ಮನೆಗೆ ಬಂದಿದೆ, ಕೊಟ್ಟಿಲ್ಲ, ಏನ್ಮಾಡ್ಲಿ" ಅಂತ ಕೇಳಿ. ಜೊತೆಗೇ ಇನ್ನೆರಡು ಕೇಳಿ: ಡೋಸ್ ಯಾವಾಗ ಏರಿಸ್ತೀರಾ, ಇಆರ್‌ಪಿಗೆ ಯಾರ ಹತ್ರ ಕಳಿಸ್ತೀರಾ.

ಮಾತ್ರೆಯ ಅಪಾಯನೂ ಮುಚ್ಚಿಡಲ್ಲ. ಶುರುವಿನ ವಾರಗಳಲ್ಲಿ, ಡೋಸ್ ಏರಿಸಿದಾಗ, ಕೆಲವು ಮಕ್ಕಳಿಗೆ ಚಡಪಡಿಕೆ, ಸಿಟ್ಟು, ನಿದ್ದೆ ಕೆಡೋದು ಆಗುತ್ತೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಈ ಗುಂಪಿನ ಮಾತ್ರೆಗಳ ಮೇಲೆ ದೊಡ್ಡ ಎಚ್ಚರಿಕೆ ಹಾಕಿಸ್ತು, ಅಧ್ಯಯನಗಳಲ್ಲಿ ಸಾಯೋ ಯೋಚನೆ ಅಥವಾ ಅಂಥಾ ವರ್ತನೆ ಡಮ್ಮಿ ಮಾತ್ರೆ ತಗೊಂಡ ಮಕ್ಕಳಲ್ಲಿ ನೂರಕ್ಕೆ 2, ಮಾತ್ರೆ ತಗೊಂಡವರಲ್ಲಿ ನೂರಕ್ಕೆ 4 ಇತ್ತು ಅಂತ. ಆ ಅಧ್ಯಯನಗಳಲ್ಲಿ ಆತ್ಮಹತ್ಯೆಯಿಂದ ಯಾವ ಮಗುವೂ ತೀರ್ಕೊಂಡಿರಲಿಲ್ಲ. ಇದರರ್ಥ ಮಾತ್ರೆ ಬೇಡ ಅಂತಲ್ಲ, ಕಣ್ಣಿಟ್ಟಿರ್ಬೇಕು ಅಂತ. ಹುಡುಗ ಇದ್ದಕ್ಕಿದ್ದಂತೆ ಬೇರೆಯವನ ಥರ ಆಡಿದ್ರೆ, ಸಾಯೋ ಮಾತಾಡಿದ್ರೆ, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ ಇಲ್ಲಾ ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಕೊನೇದು ನಿಮ್ಮ ಯಜಮಾನ್ರ ಪ್ರಶ್ನೆ. ಸರ್ಟ್ರಲೀನ್ ಚಟ ಹಿಡಿಸೋ ಮಾತ್ರೆ ಅಲ್ಲ, ಅಮಲು ಬರಲ್ಲ, ಇನ್ನೂ ಬೇಕು ಬೇಕು ಅನ್ನಿಸಲ್ಲ, ಬುದ್ಧಿ ಮಂದ ಮಾಡಲ್ಲ. ದಿಢೀರ್ ನಿಲ್ಲಿಸಿದ್ರೆ ಮಾತ್ರ ತಲೆಸುತ್ತು, ವಾಕರಿಕೆ, ಕಿರಿಕಿರಿ, ತಲೆಯೊಳಗೆ ಕರೆಂಟ್ ಹೊಡೆದಂಗೆ ಆಗಬಹುದು, ಅದನ್ನೇ ಜನ ಅಭ್ಯಾಸ ಆಗಿದೆ ಅಂದ್ಕೊಳ್ಳೋದು. ನಿಧಾನಕ್ಕೆ ಇಳಿಸಿದ್ರೆ ಸಾಮಾನ್ಯವಾಗಿ ಆ ತೊಂದರೆ ಕಡಿಮೆ. ಎಷ್ಟು ದಿನ ಅಂದ್ರೆ, ಚೆನ್ನಾಗಿ ಸುಧಾರಿಸಿದ ಮೇಲೆ ಕನಿಷ್ಠ ಒಂದೆರಡು ವರ್ಷ ಅದೇ ಡೋಸ್‌ನಲ್ಲಿ ಇಟ್ಟು, ಆಮೇಲೆ ತಿಂಗಳುಗಳ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ಇಳಿಸ್ತಾರೆ, ಇಆರ್‌ಪಿ ಚೆನ್ನಾಗಿ ಕಲಿತ ಮಕ್ಕಳಿಗೆ ಇಳಿಸುವಾಗ ಮರುಕಳಿಸೋ ಭಯ ಕಡಿಮೆ. ಆ ಇಳಿಸೋದನ್ನ ಸೆಕೆಂಡ್ ಪಿಯುಸಿ ಬೋರ್ಡ್ ಪರೀಕ್ಷೆ, ಸಿಇಟಿ, ನೀಟ್ ಹತ್ತಿರ ಇಟ್ಕೋಬೇಡಿ, ಅಡ್ಮಿಷನ್ ಎಲ್ಲಾ ಮುಗಿದು ಹುಡುಗ ಹೊಸ ಕಾಲೇಜಿಗೆ ಹೊಂದ್ಕೊಂಡ ಮೇಲೆ ಡಾಕ್ಟ್ರ ಜೊತೆ ಕೂತು ತಾರೀಖು ಗೊತ್ತು ಮಾಡಿ.